ಮರಿ ಕೊಡಲ್ಲ ಅಂದ ಕೆನಲ್‌ಗೆ ನಾಲ್ಕೂವರೆ ಸ್ಟಾರ್

ಇದು ತುಮಕೂರಿಂದ ಗುಬ್ಬಿ ಕಡೆ ಹೋಗೋ ರೋಡಲ್ಲಿ, ಒಂದ್ ತೆಂಗಿನ ತೋಟದೊಳಗೆ ಇರೋ ಸಣ್ಣ ಕೆನಲ್ (ನಾಯಿ ಸಾಕಿ ಮರಿ ಹಾಕ್ಸೋ ಜಾಗ) ಬಗ್ಗೆ. ಬೋರ್ಡ್ ಇಲ್ಲ. ಯಜಮಾನ್ರು ಹೆಸ್ರು ಹಾಕ್ಬೇಡಿ ಅಂದಿದಾರೆ, ಈಗ್ಲೇ ಫೋನ್ ಜಾಸ್ತಿ ಬರತ್ತಂತೆ. ಹೆಸ್ರಿಲ್ದೆ ಇರೋ ರಿವ್ಯೂ ಏನ್ ಉಪಯೋಗ ಅಂತ ಕೇಳ್ಬೋದು, ನಾಯಿ ತರೋಕೆ ಹೊರಟಿರೋರಿಗೆ ಎಂಥಾ ಜಾಗ ಹುಡುಕ್ಬೇಕು ಅಂತಾದ್ರೂ ಗೊತ್ತಾಗ್ಲಿ.

ನಮ್ಮನೇಲಿ ಜೂಲಿ ಇದ್ಲು. ಹಳದಿ ಲ್ಯಾಬ್ರಡಾರ್ ನಾಯಿ, 12 ವರ್ಷ. ಕೊನೇ ವರ್ಷ ಹಿಂಗಾಲು ಸೋತು ಮೂರ್ ಮೆಟ್ಲು ಹತ್ಸೋಕೂ ಹೊಟ್ಟೆ ಕೆಳಗೆ ಟವೆಲ್ ಹಾಕಿ ಎತ್ತಬೇಕಿತ್ತು, ಆಮೇಲೆ ಕಿಡ್ನಿ ಹಿಡೀತು, ಕಿಡ್ನಿ ಕೆಟ್ರೆ ರಕ್ತದಲ್ಲಿ ಜಾಸ್ತಿ ಆಗೋ ಕ್ರಿಯಾಟಿನಿನ್ ಏರ್ತಾನೇ ಹೋಯ್ತು, ಡ್ರಿಪ್ ಹಾಕ್ಸಿದ್ವಿ, ಶಿವರಾತ್ರಿ ಆಗಿ ನಾಲ್ಕನೇ ದಿನ ಹೋಗ್ಬಿಟ್ಲು. ಅಮ್ಮ "ಇನ್ ಈ ಮನೇಗೆ ನಾಯಿ ತರ್ಬೇಡ್ವೋ" ಅಂದ್ರು. ಅಂದ್ರೇ ಹೊರತು ರಾತ್ರಿ ಒಂದ್ ಹಿಡಿ ಮೊಸರನ್ನ ಜಾಸ್ತಿ ಕಲ್ಸೋದು ನಿಲ್ಲಿಸ್ಲಿಲ್ಲ. ಅದನ್ನ ಕಾಂಪೌಂಡ್ ಮೇಲಿಡೋರು, ಬೆಳಿಗ್ಗೆ ಕಾಗೆ ತಿನ್ನೋದು. ಆರ್ ತಿಂಗಳಾದ್ಮೇಲೆ ಅವರೇ "ಅದೇ ಥರದ್ದು ಸಿಗತ್ತೇನೋ ನೋಡು" ಅಂದ್ರು.

ಮೊದ್ಲು ಹೋಗಿದ್ದು ಸಿಟಿ ಒಳಗಿರೋ ಒಂದ್ ಪೆಟ್ ಶಾಪ್‌ಗೆ. ಹುಡುಗ ಮೊದ್ಲು ಹಸ್ಕಿ ತೋರಿಸ್ದ, ನೀಲಿ ಕಣ್ಣು ಸಾರ್ ಅಂತ. ಸೈಬೀರಿಯಾ ಚಳಿಗೆ ಎರಡು ಪದರ ಕೂದ್ಲು ಇರೋ ನಾಯಿ ಕಣ್ರೀ ಅದು, ಏಪ್ರಿಲಲ್ಲಿ ತುಮಕೂರಲ್ಲಿ ನಮಗೇ ಫ್ಯಾನ್ ಕೆಳಗೆ ನಿದ್ದೆ ಬರಲ್ಲ. ಆಮೇಲೆ ರಾಟ್‌ವೀಲರ್ ಅಂದ. ಬ್ಯಾನ್ ಅಲ್ವೇನಪ್ಪ ಅಂದ್ರೆ ಕೋರ್ಟ್ ತೆಗೆದಾಕಿದೆ ಸಾರ್ ಅಂದ. ಅದೊಂದ್ ಮಾತ್ರ ನಿಜ, 2024ರ ಮಾರ್ಚಲ್ಲಿ ಕೇಂದ್ರದೋರು 23 ತಳಿ ಮೇಲೆ ಹೊರಡ್ಸಿದ್ದ ಸುತ್ತೋಲೆನ ಏಪ್ರಿಲಲ್ಲಿ ನಮ್ ಹೈಕೋರ್ಟೇ ರದ್ದು ಮಾಡ್ತು. ಕೊನೇಗೆ ಒಳಗಿಂದ ರಟ್ಟಿನ ಡಬ್ಬದಲ್ಲಿ ಒಂದ್ ಲ್ಯಾಬ್ ಮರಿ ತಂದ. ಎಷ್ಟ್ ದಿನದ್ದು? "ನಲವತ್ತು." ತಾಯಿ ಎಲ್ಲಿ? "ಬೆಂಗ್ಳೂರಲ್ಲಿ." ವ್ಯಾಕ್ಸಿನ್ ಬುಕ್ಕಲ್ಲಿ ಸೀಸೆ ಸ್ಟಿಕ್ಕರ್ರೇ ಇಲ್ಲ, ಬರೀ ಒಂದ್ ಸೈನು. ಎಂಟು ವಾರ ತುಂಬದೆ ಇರೋ ಮರಿ ಮಾರೋ ಹಾಗಿಲ್ಲ ಅಂತ 2017ರಿಂದ ರೂಲ್ಸ್ ಇದೆ, ಸುಮ್ನೆ ಮಾಡಿದ್ದಲ್ಲ, ಎಷ್ಟ್ ಜೋರಾಗಿ ಕಚ್ಚಬಾರ್ದು ಅನ್ನೋದನ್ನ ಮರಿ ಕಲಿಯೋದೇ ತಾಯಿ ಜೊತೆ, ಅಣ್ಣತಮ್ಮಂದಿರ ಜೊತೆ ಆಡ್ತಾ. ಜೊತೆಗೆ ಆ ವಯಸ್ಸಲ್ಲಿ ಪಾರ್ವೋ, ಅಂದ್ರೆ ವಾಂತಿ ಭೇದಿ ತರೋ ವೈರಸ್ಸು, ತಗುಲಿದ್ರೆ ಉಳಿಯೋದು ಕಷ್ಟ. ಬೆಲ್ಟು, ಫುಡ್ಡು ಬೇಕಾದ್ರೆ ಅಲ್ಲಿ ತಗೊಳ್ಳಿ, ಮರಿ ಬೇಡ.

ಕೆನಲ್ ಯಜಮಾನ್ರ ಬಗ್ಗೆ ಹೇಳಿದ್ದು ನಮ್ ಏರಿಯಾ ಪಶು ಆಸ್ಪತ್ರೆ ಕಾಂಪೌಂಡರ್ರು. ಅಲ್ಲಿ ಒಂಬತ್ತು ವಾರದ ಹಳದಿ ಲ್ಯಾಬ್ ಮರಿಗಳೇ ಇದ್ವು, ತಾಯೀನೂ ಅಲ್ಲೇ ಇತ್ತು. ನಾನು ಫೋನಲ್ಲಿ ಜೂಲಿ ಫೋಟೋ ತೆಗ್ದು ಒಂದೊಂದ್ ಮರಿ ಮುಖಕ್ಕೂ ಹಿಡಿದು ನೋಡ್ತಿದ್ದೆ. ಯಜಮಾನ್ರು ಅದನ್ನ ನೋಡಿ "ಫೋನ್ ಒಳಗಿಡಣ್ಣ" ಅಂದ್ರು. ಆಮೇಲೆ ಶುರುವಾಯ್ತು ನೋಡಿ ಇಂಟರ್ವ್ಯೂ. ಹಗಲೊತ್ತು ಮನೇಲಿ ಯಾರಿರ್ತಾರೆ, ಗೇಟ್ ಕೆಳಗೆ ಎಷ್ಟ್ ಸಂದಿ ಐತೆ, ವಾಕಿಂಗ್ ಯಾರು? ನಾನು ಕೆಲ್ಸಕ್ಕೆ ಹೋದ್ರೆ ಸಾಯಂಕಾಲ ಅಮ್ಮನೇ, ಅವ್ರಿಗೆ 68, ಒಂದ್ ಮಂಡಿ ಆಪರೇಷನ್ ಆಗಿದೆ ಅಂದೆ. "ಹಂಗಾರೆ ಲ್ಯಾಬ್ ಮರಿ ಕೊಡಲ್ಲ" ಅಂದ್ರು. ದುಡ್ಡು ಜೇಬಲ್ಲಿಟ್ಕೊಂಡ್ ಹೋಗಿದೀನಿ ಸ್ವಾಮಿ! "ಒಂದ್ ವರ್ಷಕ್ಕೆ ಇಪ್ಪತ್ತೈದ್ ಮೂವತ್ ಕೆಜಿ ಆಗತ್ತೆ, ಬೆಕ್ಕು ಕಂಡ್ರೆ ಎಳ್ಕೊಂಡ್ ಹೋಗತ್ತೆ, ಅಮ್ಮಾವ್ರು ಬೀಳ್ತಾರೆ, ನೀವು ನಾಯೀನ ವಾಪಸ್ ತಂದು ಕಟ್ತೀರ. ನಾಡಿದ್ದು ಅಮ್ಮಾವ್ರನ್ನ ಕರ್ಕೊಂಡ್ ಬನ್ನಿ." ಕೋಪ ಬಂತು, ಆದ್ರೂ ಹೋದ್ವಿ.

ಅವತ್ತು ತೋರ್ಸಿದ್ದು ಐದು ವರ್ಷದ ಬಿಳಿ ಸ್ಪಿಟ್ಜ್. ನಾವೆಲ್ಲ ಚಿಕ್ಕಂದಿಂದ ಪಾಮೇರಿಯನ್ ಅಂತ ಕರ್ಕೊಂಡ್ ಬಂದಿದೀವಲ್ಲ, ಅದೇ, ಅವುಗಳಲ್ಲಿ ಬಹಳಷ್ಟು ಇಂಡಿಯನ್ ಸ್ಪಿಟ್ಜ್‌ಗಳಂತೆ, ನಮ್ ಬಿಸಿಲಿಗೆ ಒಗ್ಗಿಕೊಂಡಿರೋವು. ಮರಿ ಹಾಕ್ಸೋದು ನಿಲ್ಸಿದಾರೆ, ಒಳ್ಳೇ ಮನೆ ಬೇಕು ಅಂದ್ರು. ಅಮ್ಮ ಕೇಳಿದ್ ಮೊದಲ್ನೇ ಪ್ರಶ್ನೆ, "ಇದು ಮೊಸರನ್ನ ತಿನ್ನತ್ತಾ?"

"ತಿನ್ನತ್ತಮ್ಮ. ಈರುಳ್ಳಿ ಹಾಕ್ಬೇಡಿ, ದ್ರಾಕ್ಷಿಯಂತೂ ಹಾಕ್ಲೇಬೇಡಿ, ಕಿಡ್ನಿ ಹೋಗತ್ತೆ."

ಅಮ್ಮ ಸುಮ್ನಾಗ್ಬಿಟ್ರು. ನಮ್ಮನೇಲಿ ಮೊಸರನ್ನಕ್ಕೆ ದ್ರಾಕ್ಷಿ ಬಿದ್ದೇ ಬೀಳತ್ತೆ, ಸೀಸನ್ನಲ್ಲಿ ಹಸಿದು, ಇಲ್ದಿದ್ರೆ ಒಣಗಿದ್ದು. ಜೂಲಿಗೆ ಆರಿಸಿ ತೆಗ್ದು ಹಾಕ್ತಿದ್ರಾ ಇಲ್ವಾ ನನಗೂ ನೆನಪಿಲ್ಲ. ಕಲ್ಲು ಬೆಂಚಿನ ಮೇಲೆ ಕೂತು ಸೆರಗಲ್ಲಿ ಮುಖ ಒರೆಸ್ಕೊಂಡು "ನಾನೇ ಹಾಕಿ ಕೊಂದ್ನೇನೋ" ಅಂದ್ರು. ನನಗೆ ಏನ್ ಹೇಳ್ಬೇಕು ತೋಚ್ಲಿಲ್ಲ. ಯಜಮಾನ್ರು ಕೆಲ್ಸ ಬಿಟ್ಟು ಬಂದು ಪಕ್ಕದಲ್ಲಿ ಕೂತು ಎಷ್ಟು ದಿನ ನರಳ್ತು, ಊಟ ಯಾವಾಗ ಬಿಡ್ತು ಅಂತ ಎಲ್ಲಾ ಕೇಳಿದ್ರು. "ದ್ರಾಕ್ಷಿದು ಎರಡು ಮೂರ್ ದಿನದಲ್ಲೇ ಗೊತ್ತಾಗೋಗತ್ತೆ ಕಣಮ್ಮ, ವಾಂತಿ ಮಾಡ್ಕೊಂಡು ಉಚ್ಚೆ ನಿಂತೋಗತ್ತೆ. ನಿಮ್ದು ತಿಂಗಳುಗಟ್ಲೆ ನಿಧಾನಕ್ಕೆ ಬಂದಿದ್ದು, ವಯಸ್ಸಿಂದು." ಮನೇಗೆ ಬಂದ್ಮೇಲೆ ನಮ್ ಡಾಕ್ಟರ್‌ಗೆ ಫೋನ್ ಮಾಡಿ ಕೇಳ್ದೆ, ಅವ್ರೂ ಅದನ್ನೇ ಅಂದ್ರು. ಈ ಅರ್ಧ ಗಂಟೆಗೇ ನಾನು ಮೂರು ಸ್ಟಾರ್ ಕೊಡೋದು.

ನಾಯಿಗೆ ದುಡ್ಡು ತಗೊಳ್ಲಿಲ್ಲ. ಕಂಡೀಷನ್ ಎರಡೇ, ಗರ್ಭಕೋಶ ತೆಗೆಸ್ಬೇಕು, ಇಲ್ದಿದ್ರೆ ವಯಸ್ಸಾದ ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬೋ ಕಾಯಿಲೆ ಬರ್ಬೋದು. ಮತ್ತೆ ರೇಬಿಸ್ ಇಂಜೆಕ್ಷನ್ ಹಾಕ್ಸಿ ವರ್ಷಾ ವರ್ಷಾ ಬುಕ್ ಫೋಟೋ ಕಳಿಸ್ಬೇಕು. ಹದಿನೈದು ದಿನ ನೋಡಿ, ಸರಿಹೋಗ್ಲಿಲ್ಲ ಅಂದ್ರೆ ನಂಗೇ ಕೊಡಿ ಅಂದ್ರು. ಮಧ್ಯದಲ್ಲಿ ಒಂದಿನ ಬೈಕಲ್ಲಿ ಬಂದು ಗೇಟ್ ಸಂದಿ ತಾವೇ ಅಳೆದು ಹೋದ್ರು.

ಅರ್ಧ ಸ್ಟಾರ್ ಯಾಕೆ ಕಟ್ ಅಂದ್ರೆ, ಕೂದ್ಲು ಉದುರೋ ವಿಷ್ಯ ಬಾಯೇ ಬಿಡ್ಲಿಲ್ಲ ಪುಣ್ಯಾತ್ಮ. ಆಫೀಸಿಗೆ ಕಪ್ಪು ಪ್ಯಾಂಟ್ ಹಾಕೋದೇ ಬಿಟ್ಟಿದೀನಿ. ಕುಕ್ಕರ್ ವಿಷಲ್‌ಗೂ ಬೊಗಳತ್ತೆ. ಮತ್ತೆ ಮೇನ್ ರೋಡಿಂದ ಒಳಗೆ ಮಳೆ ಬಂದ್ರೆ ಕಾರ್ ಹೋಗಲ್ಲ, ಫೋನ್ ಬೆಳಿಗ್ಗೆ ಹತ್ತರ ಮೇಲೆ ಎತ್ತಲ್ಲ. ಹೋಗೋದಾದ್ರೆ ಮನೇಲಿ ಯಾರು ಅನ್ನ ಹಾಕ್ತಾರೋ ಅವ್ರನ್ನ ಮೊದಲ್ನೇ ಸಲಾನೇ ಕರ್ಕೊಂಡ್ ಹೋಗಿ, ಒಂದ್ ಟ್ರಿಪ್ ಪೆಟ್ರೋಲ್ ಉಳಿಯತ್ತೆ.

ಹೆಸ್ರು ಚಿನ್ನಿ. ಅಮ್ಮ ಈಗ ಮೊಸರನ್ನ ಎರಡು ಪಾತ್ರೇಲಿ ಕಲ್ಸ್ತಾರೆ, ದ್ರಾಕ್ಷಿ ಇರೋದು ಕಾಗೆಗೆ.