ಡಿಟೇಲಿಂಗ್ ಕಲಿಯೋಕೆ ಬೆಂಗಳೂರಿನ ಮೂರು ದಿನವೋ, ಸಾಗರ ರಸ್ತೆಯ ಮೂರು ತಿಂಗಳೋ?

ಕಾರ್ ಡಿಟೇಲಿಂಗ್, ಅಂದರೆ ಕಾರನ್ನು ಒಳಗೂ ಹೊರಗೂ ಆಳವಾಗಿ ತೊಳೆದು, ಪೇಂಟಿನ ಗೀರು ತೆಗೆದು ಹೊಳಪು ಕೊಡುವ ಕೆಲಸ ಕಲಿತು ಸ್ವಂತ ಶೆಡ್ ಹಾಕಬೇಕು ಅನ್ನುವ ನಮ್ಮ ಶಿವಮೊಗ್ಗ ಜಿಲ್ಲೆಯವರ ಮುಂದೆ ಇರುವ ದಾರಿಗಳು ನಾಲ್ಕು. ಬೆಂಗಳೂರಿನಲ್ಲಿ ಫೀಸು ಕಟ್ಟಿ ಮಾಡುವ ಎರಡು-ಮೂರು ದಿನದ ಕೋರ್ಸ್ ಒಂದು. ಕಾಂಪೌಂಡ್ (ಗೀರು ಉಜ್ಜಿ ತೆಗೆಯುವ ಪೇಸ್ಟ್), ಕೋಟಿಂಗ್ (ಪೇಂಟಿನ ಮೇಲೆ ಹಚ್ಚುವ ರಕ್ಷಣೆಯ ಪದರ) ಮಾರುವವರು ಕಿಟ್ ಜೊತೆ ಕೊಡುವ ‘ಉಚಿತ’ ತರಬೇತಿ ಇನ್ನೊಂದು. ಶಿವಮೊಗ್ಗದಲ್ಲೇ ಯಾವುದಾದರೂ ಅಂಗಡಿಗೆ ಸೇರಿ ಎರಡು-ಮೂರು ತಿಂಗಳು ಕೈಕೆಲಸ ಮಾಡುವುದು ಮೂರನೆಯದು. ವಿಡಿಯೊ ನೋಡಿಕೊಂಡು ಗುಜರಿ ಬಾನೆಟ್ ಮೇಲೆ ಮನೆಯಲ್ಲೇ ಉಜ್ಜುವುದು ನಾಲ್ಕನೆಯದು. ನನ್ನ ಓಟು ಮೂರನೆಯದಕ್ಕೆ, ಜೊತೆಯಲ್ಲಿ ನಾಲ್ಕನೆಯದೂ ಇರಲೇಬೇಕು. ಮೊದಲನೆಯದಕ್ಕೆ ನಾನು ಕೊಟ್ಟ ದುಡ್ಡು ಪೂರ್ತಿ ದಂಡ ಅಲ್ಲ, ಆದರೆ ಅದನ್ನು ಮೊದಲು ಮಾಡಿದ್ದು ತಪ್ಪು.

ಪಾಠದ ವಿಷಯದಲ್ಲಿ ನಾಲ್ಕಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಎರಡು ಬಕೆಟ್ ವಾಶ್, ಐರನ್ ರಿಮೂವರ್ (ಅಂಟಿದ ಕಬ್ಬಿಣದ ಪುಡಿ ಕರಗಿಸುವ ದ್ರಾವಣ), ಕ್ಲೇ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಉಂಡೆ), ಕಟಿಂಗ್ (ಗೀರು ಉಜ್ಜಿ ತೆಗೆಯುವುದು), ಫಿನಿಶಿಂಗ್ (ಹೊಳಪು ತರುವುದು), ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಒರೆಸುವುದು, ಕೋಟಿಂಗ್. ಈ ಕ್ರಮ ಫೋನಿನಲ್ಲೂ ಸಿಗುತ್ತದೆ. ವ್ಯತ್ಯಾಸ ಇರುವುದು ಪಾಲಿಶ್ ಮೆಷಿನ್ ನಿಮ್ಮ ಕೈಯಲ್ಲಿ ಎಷ್ಟು ಹೊತ್ತು ಇತ್ತು ಅನ್ನುವುದರಲ್ಲಿ.

ಕೋರ್ಸಿನ ಲೆಕ್ಕ ಹಾಕಿ ನೋಡಿ. ಮೂರು ದಿನ, ದಿನಕ್ಕೆ ಏಳು ಗಂಟೆ. ಮೊದಲ ದಿನ ಪೇಂಟಿನ ಪದರ, ಕೆಮಿಕಲ್‌ಗಳ ಪಿಎಚ್, ವಾಶ್. ಮೂರನೇ ದಿನ ಕೋಟಿಂಗ್, ಗಿರಾಕಿಗೆ ರೇಟು ಹೇಳುವುದು, ಸರ್ಟಿಫಿಕೇಟ್ ಹಿಡಿದು ಫೋಟೊ. ಮೆಷಿನ್‌ಗೆ ಉಳಿಯುವುದು ನಡುವಿನ ಒಂದು ದಿನ. ಊಟ, ಕಾಫಿ ಕಳೆದರೆ ಐದು ಗಂಟೆ. ಬ್ಯಾಚಿನಲ್ಲಿ ಹತ್ತು ಜನ, ಮೆಷಿನ್ ಎರಡು. ತಲೆಗೆ ಒಂದು ಗಂಟೆ ಬಂತು, ಅದರಲ್ಲೇ ರೋಟರಿಯೂ (ಪ್ಯಾಡ್ ಒಂದೇ ಕೇಂದ್ರದಲ್ಲಿ ಗಿರಗಿರ ತಿರುಗುವ ಮೆಷಿನ್) ಆಗಬೇಕು, ಡಿಎಯೂ (ತಿರುಗುತ್ತಾ ಅಲುಗಾಡುವ ಡ್ಯುಯಲ್ ಆಕ್ಷನ್ ಮೆಷಿನ್) ಆಗಬೇಕು.

ಒಂದು ಗಂಟೆಯಲ್ಲಿ ಎಷ್ಟು ಕೆಲಸ ಆಗುತ್ತದೆ? 5 ಇಂಚಿನ ಪ್ಯಾಡ್, 45 ಸೆಂ.ಮೀ. ಚೌಕದ ಒಂದು ಜಾಗ, ಅರ್ಧರ್ಧ ಒಂದರ ಮೇಲೊಂದು ಬರುವ ಹಾಗೆ ಏಳು ಸಾಲು, ಸೆಕೆಂಡಿಗೆ ಎರಡೂವರೆ ಸೆಂ.ಮೀ. ವೇಗ. ಒಂದು ಸುತ್ತಿಗೆ ಎರಡು ನಿಮಿಷ, ಅಡ್ಡ-ಉದ್ದ ಸೇರಿ ನಾಲ್ಕು ಸುತ್ತಿಗೆ ಎಂಟು ನಿಮಿಷ. ಸಾಮಾನ್ಯ ಬಾನೆಟ್‌ನಲ್ಲಿ ಅಂಥ ಆರು ಜಾಗ ಇರುತ್ತವೆ. ಬರೀ ಕಟಿಂಗ್‌ಗೇ ಮುಕ್ಕಾಲು ಗಂಟೆ ಮೀರಿತು. ಒಂದು ಬಾನೆಟ್‌ನ ಅರ್ಧ ಕೆಲಸಕ್ಕೆ ನಿಮ್ಮ ಪಾಳಿ ಮುಗಿದು ಹಿಂದಿನವರು ಕೈ ಚಾಚಿರುತ್ತಾರೆ.

ಇದಕ್ಕಿಂತ ಕಿರಿಕಿರಿಯ ವಿಷಯ ಅಭ್ಯಾಸಕ್ಕೆ ಕೊಡುವ ಪ್ಯಾನೆಲ್‌ನ ಬಣ್ಣ. ಸಿಲ್ವರ್ ಅಥವಾ ಬಿಳಿ ಪ್ಯಾನೆಲ್ ಕೊಟ್ಟರೆ ನೀವು ಹೇಗೆ ಉಜ್ಜಿದರೂ ಚೆನ್ನಾಗಿಯೇ ಕಾಣುತ್ತದೆ. ರೋಟರಿ ಬಿಟ್ಟುಹೋಗುವ ಹೊಲೊಗ್ರಾಂ, ಅಂದರೆ ಬಿಸಿಲಿಗೆ ಹಾವಿನ ಹಾಗೆ ಓಡಾಡುವ ಆ ಮಬ್ಬು ಗೆರೆ, ಎದ್ದು ಕಾಣುವುದು ಕಪ್ಪು, ಕಡು ನೀಲಿ, ಕಡು ಕೆಂಪಿನ ಮೇಲೆ. ಸಾಲದ್ದಕ್ಕೆ ಕಾಂಪೌಂಡಿನ ಎಣ್ಣೆ ಸಣ್ಣ ಗೀರುಗಳಲ್ಲಿ ಕೂತು ಅವನ್ನು ಮುಚ್ಚಿಬಿಡುತ್ತದೆ. ನೀರಿಗೆ 15ರಿಂದ 20 ಪರ್ಸೆಂಟ್ ಐಪಿಎ ಬೆರೆಸಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಮಾತ್ರ ನಿಜ ಬಣ್ಣ ಬಯಲು. ನಾನು ಹೋದ ಕ್ಲಾಸಿನಲ್ಲಿ ಐಪಿಎ ಬಾಟಲಿ ಬಂದದ್ದು ಕೋಟಿಂಗ್ ದಿನ, ತೋರಿಸುವುದಕ್ಕೆ. ನಾವು ಉಜ್ಜಿದ ಪ್ಯಾನೆಲ್‌ಗಳನ್ನು ಯಾರೂ ಒರೆಸಲಿಲ್ಲ. ಎಲ್ಲರೂ ಪಾಸು.

ಕೋರ್ಸಿನ ಮೂರನೇ ಕೊರತೆ ಅಂಚಿನದು. ಕಂಪನಿ ಪೇಂಟಿನ ಒಟ್ಟು ದಪ್ಪ ಸುಮಾರು 100 ಮೈಕ್ರಾನ್ ಆಸುಪಾಸು. ಅದರಲ್ಲಿ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, 40ರ ಹತ್ತಿರ. ಹಸಿ ಪೇಂಟು ಅಂಚಿನಿಂದ ಹಿಂದೆ ಸರಿಯುವುದರಿಂದ ಬಾನೆಟ್‌ನ ಮಡಿಕೆಗೆರೆ, ಬಾಗಿಲಿನ ತುದಿಗಳಲ್ಲಿ ಇನ್ನೂ ತೆಳು. ಡಿಎ ಜೋರಾಗಿ ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ. ರೋಟರಿ ನಿಲ್ಲುವುದಿಲ್ಲ, ಸುಡುತ್ತದೆ. ಪ್ಲಾಸ್ಟಿಕ್ ಬಂಪರ್ ಇನ್ನೂ ಬೇಗ, ಯಾಕೆಂದರೆ ಅದು ತಗಡಿನ ಹಾಗೆ ಶಾಖವನ್ನು ಆಚೆ ಹರಿಯಬಿಡುವುದಿಲ್ಲ. ಪೇಂಟಿನ ದಪ್ಪ ಅಳೆಯುವ ಸಾಮಾನ್ಯ ಥಿಕ್‌ನೆಸ್ ಗೇಜೂ ಪ್ಲಾಸ್ಟಿಕ್ ಮೇಲೆ ಓದುವುದಿಲ್ಲ. ಪೇಂಟು ಎಷ್ಟು ಹೊತ್ತಿಗೆ ಸುಡುತ್ತದೆ ಅನ್ನುವುದು ಒಮ್ಮೆಯಾದರೂ ಬೇಕೆಂದೇ ಸುಟ್ಟು ನೋಡಿದವರಿಗೆ ಗೊತ್ತಾಗುತ್ತದೆ. ಕೋರ್ಸಿನಲ್ಲಿ ಅದಕ್ಕೆ ಬಿಡುವುದಿಲ್ಲ, ಪ್ಯಾನೆಲ್ ಮುಂದಿನ ಬ್ಯಾಚಿಗೂ ಬೇಕಲ್ಲ.

ಆದ್ದರಿಂದ ಹಣ ಕಟ್ಟುವ ಮೊದಲು ಫೋನಿನಲ್ಲಿ ಕೇಳಬೇಕಾದದ್ದು: ಬ್ಯಾಚಿಗೆ ಎಷ್ಟು ಜನ, ಮೆಷಿನ್ ಎಷ್ಟು, ಪ್ಯಾನೆಲ್ ಯಾವ ಬಣ್ಣದ್ದು, ಉಜ್ಜಿದ ಮೇಲೆ ಐಪಿಎ ಒರೆಸಿ ನೋಡುತ್ತೀರಾ, ಅಂಚು ಸುಟ್ಟು ಕಲಿಯಲು ಬಿಡುತ್ತೀರಾ. ಈ ಕೊನೆಯ ಪ್ರಶ್ನೆಗೆ ನಕ್ಕರೆ ಬೇರೆ ಕಡೆ ನೋಡಿ. ನನಗೆ ಫೀಸು 18,000 ಆಯಿತು. ಜನಶತಾಬ್ದಿ ಟಿಕೆಟ್, ಯಶವಂತಪುರದ ಹತ್ತಿರ ರೂಮು, ಊಟ ಎಲ್ಲ ಸೇರಿ 24,000 ದಾಟಿತು.

ಕೋರ್ಸ್ ಗೆಲ್ಲುವ ಜಾಗವೂ ಇದೆ. ಗೇಜ್ ಓದುವುದು, ಪ್ಯಾಡ್-ಕಾಂಪೌಂಡ್ ಜೋಡಿ ಆರಿಸುವುದು, ಮೃದುವಾದದ್ದರಿಂದ ಶುರು ಮಾಡಿ ಸಾಲದಿದ್ದರೆ ಮಾತ್ರ ಗಡಸಿಗೆ ಹೋಗುವ ಟೆಸ್ಟ್ ಸ್ಪಾಟ್ ಶಿಸ್ತು. ಇವನ್ನು ಊರಿನ ಅಂಗಡಿಯಲ್ಲಿ ಯಾರೂ ಇಷ್ಟು ಅಚ್ಚುಕಟ್ಟಾಗಿ ಹೇಳಿಕೊಡುವುದಿಲ್ಲ.

ಕಿಟ್ ಜೊತೆ ಬರುವ ಉಚಿತ ತರಬೇತಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ದಿನ, ಅವರ ಬಾಟಲಿಯ ಗುಣಗಾನ. ಒಂದು ಎಚ್ಚರಿಕೆ ಮಾತ್ರ: ಕಿಟ್‌ನಲ್ಲಿ ಐದಾರು ಕೋಟಿಂಗ್ ಬಾಟಲಿ ತುಂಬಿ ಕೊಡುತ್ತಾರೆ. ಮುಚ್ಚಳ ತೆಗೆದ ಸೆರಾಮಿಕ್ ಕೋಟಿಂಗ್ ಗಾಳಿಯ ತೇವಕ್ಕೇ ಗಟ್ಟಿಯಾಗಲು ಶುರುವಾಗುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳುವುದೇ ಬೇಡ. ವಾರಕ್ಕೊಂದು ಕಾರೂ ಬಾರದ ಹೊಸಬರು ಅರ್ಧ ಬಾಟಲಿಯನ್ನು ಹರಳುಗಟ್ಟಿಸಿ ಬಿಸಾಡುತ್ತಾರೆ.

ಸರ್ಕಾರಿ ದಾರಿ? ಐಟಿಐಯಲ್ಲಿ ಎರಡು ವರ್ಷದ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಟ್ರೇಡು, ಕೆಲವು ಕಡೆ ಒಂದು ವರ್ಷದ ಆಟೊ ಬಾಡಿ ಪೇಂಟಿಂಗ್ ಟ್ರೇಡು ಇದೆ. ಪೇಂಟಿಂಗ್ ಕಲಿತವರಿಗೆ ಡಿಟೇಲಿಂಗ್ ಬೇಗ ಹತ್ತುತ್ತದೆ, ನಿಜ. ಆದರೆ ಬರೀ ಇದಕ್ಕೋಸ್ಕರ ಒಂದು ವರ್ಷ ಉದ್ದವಾಯಿತು. ಬ್ಯಾಂಕಿನವರು ನಡೆಸುವ ಆರ್‌ಸೆಟಿಯಲ್ಲಿ ಊಟ-ವಸತಿ ಸಮೇತ ಉಚಿತವಾಗಿ ಉದ್ಯಮದ ತರಬೇತಿ ಸಿಗುತ್ತದೆ. ಪಾಲಿಶ್ ಹೇಳಿಕೊಡುವುದಿಲ್ಲ, ಲೆಕ್ಕ ಬರೆಯುವುದು ಮತ್ತು ಸಾಲದ ಅರ್ಜಿ ಕಲಿಯಬಹುದು.

ಈಗ ಊರಿನ ಅಂಗಡಿ. ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್ ಸುತ್ತ ಒಂದು ಬೆಳಿಗ್ಗೆ ನಡೆದರೆ ಸಾಕು, ವಾಟರ್ ವಾಶ್ ಯಾವುದು, ಡಿಟೇಲಿಂಗ್ ಯಾವುದು ತಿಳಿಯುತ್ತದೆ. ಬೋರ್ಡ್ ನೋಡಬೇಡಿ, ಬಟ್ಟೆ ನೋಡಿ. ಚಕ್ರ ಒರೆಸಿದ ಬಟ್ಟೆಯಲ್ಲೇ ಬಾಗಿಲು ಒರೆಸಿದರೆ ಅಲ್ಲಿ ಕಲಿಯುವುದೇನಿಲ್ಲ, ಕಲಿತರೆ ಮರೆಯುವುದೇ ಕಷ್ಟ. ಮಳೆಗಾಲಕ್ಕೆ ಮುಂಚೆ ಅಡಿಭಾಗಕ್ಕೆ ಡೀಸೆಲ್ ಸ್ಪ್ರೇ ಹೊಡೆಯುವ ಅಂಗಡಿಯೂ ಬೇಡ. ಅದು ರಬ್ಬರ್ ಬುಶ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ. ಸರಿಯಾದ ಕಡೆ ಸಿಕ್ಕರೆ ಮೊದಲೇ ಮಾತಾಡಿಕೊಳ್ಳಿ: “ಅಣ್ಣಾ, ಮೊದಲ ತಿಂಗಳು ಸಂಬಳ ಬೇಡ, ಮೂರನೇ ವಾರದಿಂದ ಮೆಷಿನ್ ಕೈಗೆ ಕೊಡಿ.” ಈ ಮಾತು ಆಗದಿದ್ದರೆ ಮೂರು ತಿಂಗಳೂ ಮ್ಯಾಟು ತೊಳೆಯುವುದರಲ್ಲೇ ಕಳೆಯುತ್ತದೆ.

ಈ ದಾರಿ ನನಗೆ ಮೇಲು ಅನ್ನಿಸುವುದು ಬರೀ ಗಂಟೆಗಳ ಲೆಕ್ಕದಿಂದಲ್ಲ. ಮಲೆನಾಡಿನ ಕಾರಿಗೆ ಹತ್ತುವ ಕೊಳೆಯೇ ಬೇರೆ. ತೋಟದ ಬದಿ ನಿಲ್ಲಿಸಿದ ಕಾರಿನ ಮೇಲೆ ಕೊಳೆರೋಗದ ಔಷಧಿ ಬಿದ್ದಿರುತ್ತದೆ: 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣದ ಬೋರ್ಡೋ ದ್ರಾವಣ. ಒಣಗಿದರೆ ತಿಳಿನೀಲಿ ಚುಕ್ಕಿ, ಒಳಗೆ ಸುಣ್ಣದ ಹರಳು. ಕ್ಲೇ ಹಾಕಿ ಉಜ್ಜಿದಿರೋ, ಆ ಹರಳೇ ಗೀರು ಎಳೆಯುತ್ತದೆ. ಬಿಳಿ ವಿನೆಗರ್‌ಗೆ ಸಮ ನೀರು ಬೆರೆಸಿ, ಬಟ್ಟೆ ನೆನೆಸಿ, ನೆರಳಲ್ಲಿ ಎರಡು-ಮೂರು ನಿಮಿಷ ಹೊದಿಸಿಟ್ಟರೆ ಕರಗಿ ಬರುತ್ತದೆ. ಆಮೇಲೆ ಧಾರಾಳ ನೀರು.

ಅಡಿಕೆ ಸಾಗಿಸುವ ಓಮ್ನಿ, ಪಿಕಪ್‌ಗಳ ಸೀಟಿಗೆ ಚೊಗರು (ಅಡಿಕೆಯ ಒಗರು ರಸ) ಹತ್ತಿರುತ್ತದೆ. ಕೋರ್ಸಿನಲ್ಲಿ ಸೀಟಿನ ಕಲೆಗೆಲ್ಲ ಒಂದೇ ಮದ್ದು, ಆಲ್ ಪರ್ಪಸ್ ಕ್ಲೀನರ್. ಅದು ಕ್ಷಾರ. ಚೊಗರಿಗೆ ಕ್ಷಾರ ತಾಗಿದರೆ ಏನಾಗುತ್ತದೆ ಎಂದು ಎಲೆಗೆ ಸುಣ್ಣ ಹಚ್ಚಿ ಅಡಿಕೆ ಜಗಿಯುವ ಯಾವ ಅಜ್ಜನನ್ನು ಕೇಳಿದರೂ ಹೇಳುತ್ತಾನೆ: ಕೆಂಪಾಗುತ್ತದೆ. ಮೊದಲು ಸಿಟ್ರಿಕ್ ಅಥವಾ ವಿನೆಗರ್‌ನಂಥ ತಿಳಿ ಹುಳಿ, ಆಮೇಲೆ ಉಳಿದದ್ದು. ಆಯುಧಪೂಜೆಯ ಮರುದಿನ ಬರುವ ಅರಿಶಿನದ ಕಲೆಗೂ ಇದೇ ಮಾತು. ಕ್ಷಾರದ ಶಾಂಪೂ ಬಿದ್ದರೆ ಹಳದಿ ಕೆಂಪಿಗೆ ತಿರುಗುತ್ತದೆ. ತೊಳೆದ ಮೇಲೂ ಉಳಿದ ಹಳದಿಯನ್ನು ಬಿಸಿಲಿಗೆ ಬಿಟ್ಟರೆ ತಾನೇ ಮಾಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರುವ ಕಾರುಗಳ ಒಳಗೆ ಬೂಷ್ಟು. ಅದನ್ನು ತೆಗೆಯುವುದು ಸುಲಭ, ಕಾರನ್ನು ಒಣಗಿಸುವುದು ಕಷ್ಟ. ಮೇಲ್ಛಾವಣಿಯ ಬಟ್ಟೆಯನ್ನು ನೆನೆಸಿದರೆ ಅಂಟು ಬಿಟ್ಟು ಜೋತುಬೀಳುತ್ತದೆ, ಅದಕ್ಕೆ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕೇ ಹೊರತು ಬ್ರಶ್ ಕೂಡದು. ಸೀಟು ತೊಳೆದ ಮೇಲೆ ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜು ಮುಟ್ಟಿ ನೋಡದೆ ಗಾಡಿ ಕೊಟ್ಟರೆ ವಾರದಲ್ಲಿ ವಾಪಸ್ ಬರುತ್ತದೆ, ವಾಸನೆ ಸಮೇತ.

ಕೋಟಿಂಗ್‌ನದೂ ಹಾಗೆಯೇ. ಎಸಿ ಸ್ಟುಡಿಯೊದಲ್ಲಿ “ಕಾಮನಬಿಲ್ಲು ಬಣ್ಣ ಕಂಡ ಮೇಲೆ ಒಂದು ನಿಮಿಷ ಬಿಟ್ಟು ಒರೆಸಿ” ಅಂತ ಕಲಿಸುತ್ತಾರೆ. ಅದೇ ಬಾಟಲಿ ಜುಲೈ ತಿಂಗಳ ತೆರೆದ ಶೆಡ್ಡಿನಲ್ಲಿ ಆ ಗಡಿಯಾರಕ್ಕೆ ಬಗ್ಗುವುದಿಲ್ಲ, ಗಾಳಿಯ ತೇವ ಹೆಚ್ಚಿದ ಹಾಗೆ ಒರೆಸುವ ಹೊತ್ತು ಬದಲಾಗುತ್ತದೆ. ಒಮ್ಮೆಗೆ ಹಚ್ಚುವ 60 ಸೆಂ.ಮೀ. ಜಾಗವನ್ನು 30ಕ್ಕೆ ಇಳಿಸಿ, ಮೊದಲು ಒಂದು ಮೂಲೆಯಲ್ಲಿ ಹಚ್ಚಿ ಹೊತ್ತು ಅಳೆದು, ಆಮೇಲೆ ಮುಂದುವರಿಯಬೇಕು. ಸರಿಯಾಗಿ ಒರೆಸದೆ ಉಳಿದ ಕಪ್ಪು ಮಚ್ಚೆಯನ್ನು ಆಗಲೇ ಕಂಡರೆ ಅದೇ ಕೋಟಿಂಗ್‌ನ ಎರಡು ಹನಿ ಹಾಕಿ ಸರಿಮಾಡಬಹುದು. ಮರುದಿನ ಕಂಡರೆ ಮೆಷಿನ್ನೇ ಗತಿ. ಕಡೇಪಕ್ಷ 24 ಗಂಟೆ ನೀರು ತಾಗಬಾರದು, ಅಂದರೆ ಮುಚ್ಚಿದ ಜಾಗ ಇಲ್ಲದವರು ಮಳೆಗಾಲದಲ್ಲಿ ಕೋಟಿಂಗ್ ಒಪ್ಪಿಕೊಳ್ಳುವುದೇ ತಪ್ಪು.

ಅಂಗಡಿ ಕಲಿಸದ್ದನ್ನು ಗುಜರಿ ಬಾನೆಟ್ ಕಲಿಸುತ್ತದೆ, ಗಿರಾಕಿಯ ಕಾರಿನ ಮೇಲೆ ತಪ್ಪು ಮಾಡಲು ಆಗುವುದಿಲ್ಲವಲ್ಲ. ತರುವಾಗ ಅಯಸ್ಕಾಂತ ಒಯ್ಯಿರಿ. ಹಿಡಿಯದ ಜಾಗದಲ್ಲಿ ಪುಟ್ಟಿ ಇದೆ ಅಂತ ಅರ್ಥ, ಬೇಡ. ಎರಡು ಹಳೆ ಟೈರಿನ ಮೇಲೆ ಮಲಗಿಸಿ, ಟೇಪ್ ಹಚ್ಚಿ ಆರು ಭಾಗ ಮಾಡಿ. ಒಂದು ಭಾಗಕ್ಕೆ 2000 ನಂಬರಿನ ವಾಟರ್ ಪೇಪರ್ ಹಾಕಿ ಮಂಕು ಮಾಡಿ, ಡಿಎಯಲ್ಲಿ ಮೈಕ್ರೊಫೈಬರ್ ಪ್ಯಾಡ್, ಕಡಲೆಕಾಳಿನಷ್ಟು ಕಾಂಪೌಂಡ್ ನಾಲ್ಕು ಹನಿ, ನಾಲ್ಕು ಸುತ್ತು. ಐಪಿಎ ಒರೆಸಿ ನೋಡಿ. ಪೇಪರಿನ ಗೆರೆ ಉಳಿದಿದ್ದರೆ ಕೈ ಓಡಿಸಿದ್ದೀರಿ ಅಂತ. ಪಕ್ಕದ ಭಾಗದಲ್ಲಿ ಇದನ್ನೇ ರೋಟರಿಯಲ್ಲಿ, 1200 ಆರ್‌ಪಿಎಂ ಮೀರದೆ. ಕೊನೆಯ ಭಾಗದಲ್ಲಿ ಮಡಿಕೆಗೆರೆಯ ಮೇಲೆ ರೋಟರಿಯನ್ನು 1800ಕ್ಕೆ ಏರಿಸಿ ಒಂದೇ ಕಡೆ ಹಿಡಿದು ಸೆಕೆಂಡು ಎಣಿಸಿ. ಪ್ಯಾಡ್‌ಗೆ ಕಾರಿನ ಬಣ್ಣ ಹತ್ತಿದರೆ ಕ್ಲಿಯರ್ ಹೋಯಿತು. (ಹಳೆಯ ಬಿಳಿ ಗಾಡಿಗಳಲ್ಲಿ ಕ್ಲಿಯರ್ ಕೋಟೇ ಇಲ್ಲದ ಪೇಂಟೂ ಇದೆ, ಅಲ್ಲಿ ಮೊದಲ ಸುತ್ತಿಗೇ ಪ್ಯಾಡ್ ಬೆಳ್ಳಗಾಗುತ್ತದೆ, ಗಾಬರಿ ಬೇಡ.)

ಬರೀ ವಿಡಿಯೊ-ಬಾನೆಟ್ ಸಾಕು ಅನ್ನುವವರಿಗೆ ಒಂದೇ ಮಾತು: ಮಲಗಿರುವ ಬಾನೆಟ್ ಬಾಗಿಲಿನ ಅಭ್ಯಾಸ ಕೊಡುವುದಿಲ್ಲ. ನಿಂತ ಪ್ಯಾನೆಲ್ ಮೇಲೆ ಮೆಷಿನ್‌ನ ತೂಕ ಕೆಳಗೆ ಎಳೆಯುತ್ತದೆ, ಪ್ಯಾಡ್ ಓರೆಯಾಗುತ್ತದೆ. ಅದಕ್ಕೆ ಇಡೀ ಕಾರೇ ಬೇಕು.

ನನ್ನ ಮಿತಿ 25,000 ರೂಪಾಯಿ, ಸ್ವಭಾವ ಕೇಳಿ ಕಲಿಯುವುದಕ್ಕಿಂತ ಕೆಡಿಸಿ ಕಲಿಯುವುದು. ಇದೇ ಹಣ ಈಗ ಕೈಗೆ ಬಂದರೆ ಆಗಸ್ಟ್‌ನಲ್ಲಿ ಅಂಗಡಿ ಸೇರುತ್ತೇನೆ. ಬೂಷ್ಟಿನ ಕೆಲಸ ಆಗ ರಾಶಿ ಇರುತ್ತದೆ, ಒಳಾಂಗಣ ಕಲಿತ ಹಾಗಾಯಿತು. ದಸರಾ ಹೊತ್ತಿಗೆ ಮೆಷಿನ್ ಕೈಗೆ ಬಂದಿರಬೇಕು, ಆ ವಾರದ ನೂಕುನುಗ್ಗಲಿನಲ್ಲಿ ಕೈ ಪಳಗುತ್ತದೆ. ಸುಮಾರು ಹತ್ತು ಸಾವಿರದ ಡಿಎ ಒಂದು, ಪ್ಯಾಡ್-ಕಾಂಪೌಂಡ್‌ಗೆ ನಾಲ್ಕು ಸಾವಿರ, ಬಾನೆಟ್ ಎರಡು. ಉಳಿದದ್ದು ಹಾಗೇ ಇರಲಿ. ಬೆಂಗಳೂರಿನ ಕೋರ್ಸ್ ಮುಂದಿನ ಬೇಸಿಗೆಗೆ, ಅದೂ ಐದು ಜನರ ಬ್ಯಾಚ್ ಸಿಕ್ಕರೆ. ಅಷ್ಟರಲ್ಲಿ ಕೇಳಲು ನಿಮ್ಮ ಹತ್ತಿರ ಪ್ರಶ್ನೆಗಳಿರುತ್ತವೆ. ತಿಂಗಳ ಸಂಬಳ ಬಿಟ್ಟಿರಲಾಗದವರಿಗೆ, ರಜೆ ಹಾಕಿ ಮೂರು ದಿನ ಮಾತ್ರ ಹೊರಬರಬಲ್ಲವರಿಗೆ ಈ ಲೆಕ್ಕ ಹೊಂದುವುದಿಲ್ಲ; ಅವರು ಕೋರ್ಸನ್ನೇ ಮಾಡಿ, ಭಾನುವಾರಗಳನ್ನು ಬಾನೆಟ್‌ಗೆ ಕೊಡಲಿ.

ಬಾನೆಟ್ ಕಪ್ಪು ಸಿಗದಿದ್ದರೆ ಕಡು ನೀಲಿ ನಡೆಯುತ್ತದೆ. ಬಿಳಿಯದ್ದನ್ನು ಗುಜರಿಯವರು ಬಿಟ್ಟಿ ಕೊಟ್ಟರೂ ತರಬೇಡಿ.