ರಾಸ್ಪ್‌ಬೆರಿ ಪೈ 3ಬಿ ಪ್ಲಸ್, ಡ್ಯಾಕ್ ಹ್ಯಾಟ್, ಮೂಡ್ ಆಡಿಯೋ: ಮೂರು ವರ್ಷ ಓಡಿಸಿದ ಮೇಲೆ

ಹಾಡುಗಳೆಲ್ಲ ಹಾರ್ಡ್ ಡಿಸ್ಕಿನಲ್ಲಿ ಬಿದ್ದಿವೆ, ಹಳೆಯ ಆಂಪ್ಲಿಫೈಯರ್ ಇನ್ನೂ ಗಟ್ಟಿಮುಟ್ಟಾಗಿದೆ ಅನ್ನುವವರಿಗೆ ಈ ಜೋಡಣೆ ಹೇಳಿ ಮಾಡಿಸಿದ್ದು: ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರು, ಅದರ ಮೇಲೆ ಕೂತು ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಒಗ್ಗುವ ಸಿಗ್ನಲ್ ಮಾಡುವ ಬೋರ್ಡು (ಡ್ಯಾಕ್ ಹ್ಯಾಟ್), ಹಾಡು ನುಡಿಸುವ ಸಾಫ್ಟ್‌ವೇರ್ ಮೂಡ್. ಜಿಯೋಸಾವನ್, ಗಾನಾದಲ್ಲೇ ಕೇಳುವವರು ಇದರ ತಂಟೆಗೆ ಬರಬೇಡಿ. ಅವು ಮೂಡ್ ಒಳಗಿಲ್ಲ, ಫೋನಿನಿಂದ ಬ್ಲೂಟೂತ್‌ನಲ್ಲೋ ಮತ್ತೊಂದರಲ್ಲೋ ಕಳಿಸಬೇಕು. ಅಷ್ಟಕ್ಕೆ ಒಂದು ಬ್ಲೂಟೂತ್ ರಿಸೀವರ್ ಸಾಕು. ಸ್ಪಾಟಿಫೈ ಪ್ರೀಮಿಯಂ ಇದ್ದರೆ ವೀಮ್ ಮಿನಿ ಅನ್ನುವ ಸಿದ್ಧ ಸ್ಟ್ರೀಮಿಂಗ್ ಪೆಟ್ಟಿಗೆಯೇ ಸಲೀಸು. ಆದರೆ ಅದಕ್ಕೆ ಈಥರ್ನೆಟ್ ಕಿಂಡಿಯಿಲ್ಲ, ಡಿಸ್ಕ್ ಸಿಕ್ಕಿಸಲೂ ಬರುವುದಿಲ್ಲ.

ಬೇಕಾದ್ದು: ಪೈ 3ಬಿ ಪ್ಲಸ್, 16 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್ (ಮೂಡ್ ಕೂರುವುದು ಇದರಲ್ಲೇ), 40 ಪಿನ್ನಿನ ಮೇಲೆ ಕೂರುವ ಡ್ಯಾಕ್ ಹ್ಯಾಟ್, 5.1 ವೋಲ್ಟ್ 2.5 ಆಂಪಿಯರ್ ಅಡಾಪ್ಟರ್. ಪೈಯ ಚಿಕ್ಕ ಮಾದರಿ ಝೀರೋ 2 ಡಬ್ಲ್ಯೂ ಅಗ್ಗವೇ, ಆದರೆ 512 ಎಂಬಿ ಮೆಮೊರಿ, ವೈಫೈ 2.4 ಗಿಗಾಹರ್ಟ್ಸ್ ಮಾತ್ರ, ಪಿನ್ನುಗಳನ್ನು ನಾವೇ ಬೆಸುಗೆ ಹಾಕಬೇಕು. ಪೈಯ ಸ್ವಂತ 3.5 ಎಂಎಂ ಜ್ಯಾಕ್ ಮರೆತುಬಿಡಿ.

ಹ್ಯಾಟ್ ಕೊಳ್ಳುವಾಗ ಚಿಪ್ಪಿನ ನಂಬರು ಓದಿ. ಪಿಸಿಎಂ 5122 ಇದ್ದರೆ ಮೂಡ್‌ನ ಆಡಿಯೋ ಪುಟದಲ್ಲಿ 'ಹೈಫೈಬೆರಿ ಡ್ಯಾಕ್ ಪ್ಲಸ್' ಆರಿಸಿ ರೀಬೂಟ್ ಮಾಡಿ. ಅಗ್ಗದ ಬೋರ್ಡುಗಳಲ್ಲಿ ಬರುವುದು 5102. ಅದಕ್ಕೆ 'ಪ್ಲಸ್' ಇಲ್ಲದ 'ಹೈಫೈಬೆರಿ ಡ್ಯಾಕ್'. 5102ಕ್ಕೆ 'ಪ್ಲಸ್' ಆರಿಸಿದರೆ ಶಬ್ದವೇ ಇಲ್ಲ, ಬೋರ್ಡು ಸತ್ತಿದೆ ಅಂದುಕೊಂಡು ವಾಪಸ್ ಕಳಿಸುವವರುಂಟು. 5122ರ ಒಳಗೇ ವಾಲ್ಯೂಮ್ ಇದೆ, 5102ರಲ್ಲಿ ಇಲ್ಲ. ಆಂಪ್ಲಿಫೈಯರಿಗೆ ತಿರುಗಿಸುವ ಗುಂಡಿಯಿದ್ದರೆ ವಾಲ್ಯೂಮನ್ನು 'ಫಿಕ್ಸ್ಡ್' ಮಾಡಿ, ಆದರೆ ಮೊದಲು ಆ ಗುಂಡಿಯನ್ನು ಸೊನ್ನೆಗೆ ಇಳಿಸಿ. ಸುಮಾರು 2 ವೋಲ್ಟ್ ಪೂರ್ತಿ ಒಮ್ಮೆಲೇ ನುಗ್ಗುತ್ತದೆ, ಸ್ಪೀಕರಿನ ಟ್ವೀಟರ್ ಗತಿ ಕೇಳಬೇಡಿ.

ಮಧ್ಯೆ ಮಧ್ಯೆ ಹಾಡು ತಡವರಿಸಿದರೆ ಎಲ್ಲರೂ ವೈಫೈಗೆ ಬೈಯುತ್ತಾರೆ. ಫೋನ್ ಚಾರ್ಜರಿನ ಸಣಕಲು ಕೇಬಲನ್ನೂ ನೋಡಿ: ವೋಲ್ಟೇಜ್ 4.63ಕ್ಕಿಂತ ಇಳಿದರೆ ಪೈ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಪೈಯಿಂದಲೇ ಕರೆಂಟು ಎಳೆಯುವ ಹಾರ್ಡ್ ಡಿಸ್ಕ್ ಇದ್ದರಂತೂ ಬೇಗ. ಲೋಹದ ಡಬ್ಬಿಯೊಳಗಿಟ್ಟು ಸಿಗ್ನಲ್ ಇಲ್ಲ ಅನ್ನುವುದು ಇನ್ನೊಂದು ಸಂಗತಿ. ರೂಟರ್ ಬದಲಾಯಿಸಿದಿರೋ, ಪೈ ಹಳೆಯ ವೈಫೈ ಸಿಗದೆ 'ಮೂಡ್' ಅನ್ನುವ ತನ್ನದೇ ಹಾಟ್‌ಸ್ಪಾಟ್ ತೆರೆಯುತ್ತದೆ. ಫೋನನ್ನು ಅದಕ್ಕೆ ಸೇರಿಸಿ ಬ್ರೌಸರಿನಲ್ಲಿ 172.24.1.1 ಹೊಡೆದು ಹೊಸ ವೈಫೈನ ಹೆಸರು, ಪಾಸ್‌ವರ್ಡ್ ಕೊಡಿ.

ನಿಜವಾದ ಕೆಲಸ ಇರುವುದು ಟ್ಯಾಗುಗಳಲ್ಲಿ, ಅಂದರೆ ಹಾಡಿನ ಫೈಲಿನೊಳಗೆ ಬರೆದಿರುವ ಗಾಯಕರು, ಆಲ್ಬಮ್ ಮುಂತಾದ ವಿವರಗಳಲ್ಲಿ. 'ಭೀಮಸೇನ ಜೋಶಿ', 'ಪಂ. ಭೀಮಸೇನ್ ಜೋಶಿ', ಮೇಲೊಂದು ಇಂಗ್ಲಿಷ್ ಅಕ್ಷರದ್ದು: ಪಟ್ಟಿಯಲ್ಲಿ ಮೂವರು ಗಾಯಕರು. 'ರಾಜ್‌ಕುಮಾರ್' ಎಂದು ಅರ್ಧಾಕ್ಷರ ಬಿಡಿಸಿ ಬರೆದದ್ದೂ 'ರಾಜ್ಕುಮಾರ್' ಎಂದು ಒತ್ತು ಕೊಟ್ಟು ಬರೆದದ್ದೂ ಬೇರೆ ಬೇರೆಯೇ, ಯಾಕೆಂದರೆ ಮೊದಲನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಸಿನಿಮಾ ಹಾಡುಗಳದ್ದು ಇನ್ನೂ ಫಜೀತಿ. ಒಂದು ಹಾಡು ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ಎಸ್. ಜಾನಕಿಯವರದು ಅಂದರೆ ಒಂದೇ ಚಿತ್ರದ ಆಲ್ಬಮ್ ಚೂರುಚೂರಾಗುತ್ತದೆ. ಟ್ಯಾಗು ತಿದ್ದುವ ಎಂಪಿ3ಟ್ಯಾಗ್ ಸಾಫ್ಟ್‌ವೇರಿನಲ್ಲಿ ಇಡೀ ಫೋಲ್ಡರ್ ಹಿಡಿದು 'ಆಲ್ಬಮ್ ಆರ್ಟಿಸ್ಟ್' ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರು ತುಂಬಿ, ಒಟ್ಟಿಗೆ ಸೇರುತ್ತದೆ. ಅಲ್ಲಿ ಫೈಲಿನ ಹಳೆಯ ದಿನಾಂಕ ಉಳಿಸುವ ಆಯ್ಕೆ ಆನ್ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಮೂಡ್‌ನಲ್ಲಿ ಲೈಬ್ರರಿ 'ಅಪ್‌ಡೇಟ್' ಒತ್ತಿದರೂ ಏನೂ ಬದಲಾಗುವುದಿಲ್ಲ, 'ರೀಜನರೇಟ್' ಮಾಡಿ ಕಾಯಬೇಕಾಗುತ್ತದೆ.

ಗ್ಯಾಪ್‌ಲೆಸ್ ಚೆನ್ನಾಗಿದೆ: ಆಲಾಪನೆಯಿಂದ ಕೃತಿಗೆ, ಅಲ್ಲಿಂದ ತನಿಗೆ ಟ್ರ್ಯಾಕ್ ಕತ್ತರಿಸಿದ್ದರೂ ಕಛೇರಿ ಕಡಿಯುವುದಿಲ್ಲ.

ಹೆದರಿಕೆ ಕಾರ್ಡಿನದು. ಕಾರ್ಡಿಗೆ ಏನೋ ಬರೆಯುತ್ತಿರುವಾಗ ಕರೆಂಟು ಹೋದರೆ ಅದು ಕೆಡಬಹುದು. ಹಾಗಾಗಿ ಹಾಡುಗಳನ್ನು ಡಿಸ್ಕಿನಲ್ಲೇ ಇಡಿ, ಸ್ವಿಚ್ ಕೀಳುವ ಮೊದಲು ಮೆನುವಿನಿಂದ ಶಟ್‌ಡೌನ್ ಮಾಡಿ, ಎಲ್ಲ ಹೊಂದಿಸಿದ ದಿನವೇ ಕಾರ್ಡಿನ ನಕಲು ತೆಗೆದು ಇನ್ನೊಂದಕ್ಕೆ ಹಾಕಿ ಡಬ್ಬಿಗೇ ಅಂಟಿಸಿಡಿ.