ಡಬ್ಬಿ ಮೇಲೆ 18 ತಿಂಗಳು, ನನ್ನ ಕೈಯಲ್ಲಿ 47 ದಿನ

ಗದಗಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ನನ್ನದು. ಬೆಳಿಗ್ಗೆ ಹತ್ತಕ್ಕೆ ಮೌಸ್ ಹಿಡಿದರೆ ರಾತ್ರಿ ಎಂಟರವರೆಗೂ ಬಿಡುವುದಿಲ್ಲ. ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಎಲ್ಲಕ್ಕಿಂತ ಜಾಸ್ತಿ ಲಗ್ನಪತ್ರಿಕೆ. ಹೋದ ವರ್ಷ ಹುಬ್ಬಳ್ಳಿಗೆ ಹೋದಾಗ ಕೊಪ್ಪಿಕರ್ ರಸ್ತೆಯಲ್ಲಿ 750 ರೂಪಾಯಿ ಕೊಟ್ಟು ಒಂದು ವೈರ್‌ಲೆಸ್ ಮೌಸ್ ತಂದೆ. ಒಂದೇ ಪೆನ್ಸಿಲ್ ಸೆಲ್ ಸಾಕು, 18 ತಿಂಗಳು ಬರುತ್ತದೆ ಎಂದು ಡಬ್ಬಿ ಮೇಲೆ ದೊಡ್ಡದಾಗಿ ಬರೆದಿತ್ತು. ಡಬ್ಬಿಯಲ್ಲೇ ಬಂದ ಸೆಲ್ 47ನೇ ದಿನಕ್ಕೆ ಕೈಕೊಟ್ಟಿತು.

ಅದು ಕೈಕೊಟ್ಟ ಹೊತ್ತು ಮರೆಯುವಂಥದ್ದಲ್ಲ. ರೋಣದ ಕಡೆಯ ಹಳ್ಳಿಯಿಂದ ಒಬ್ಬ ಹಿರಿಯರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದು ನನ್ನ ಪಕ್ಕದ ಸ್ಟೂಲ್ ಮೇಲೆ ಕೂತಿದ್ದರು. ಎಲ್ಲ ಮುಗಿದಿತ್ತು. ‘ಸುಖಾಗಮನ ಬಯಸುವವರು’ ಕೆಳಗೆ ಅವರ ಅಣ್ಣನ ಹೆಸರನ್ನು ಒಂದು ಸಾಲು ಮೇಲೆ ತರಬೇಕಿತ್ತು, ಅಷ್ಟೇ. ಹೆಸರು ಹಿಡಿದು ಎಳೆಯುತ್ತಿದ್ದಾಗ ಪಾಯಿಂಟರ್ ಅರ್ಧಕ್ಕೇ ನಿಂತಿತು.

“ಯಾಕ್ರೀ ಅಕ್ಕಾರ, ನಿಂತ್ ಬಿಡ್ತಲ್ಲ?”

“ಸೆಲ್ ಹೋಗೇತ್ರೀ ಕಾಕಾ, ಒಂದೈದು ನಿಮಿಷ ಕೂಡ್ರಿ.”

ಹುಡುಗ ಸೆಲ್ ತರುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಗಿತ್ತು. ಪ್ರೂಫ್ ನೋಡದೆ ಎದ್ದು ಹೋದರು. ಮರುದಿನ ಮತ್ತೆ ಬಂದರು. ಒಂದು ಸೆಲ್ಲಿನ ಸಲುವಾಗಿ ಆ ವಯಸ್ಸಿನವರನ್ನು ಎರಡು ಸಲ ಓಡಾಡಿಸಿದ್ದು ನನಗೆ ಇವತ್ತಿಗೂ ಬೇಜಾರು.

ಅಂದಿನಿಂದ ಕಾರ್ಡ್ ಕತ್ತರಿಸಿ ಉಳಿದ ಪಟ್ಟಿಯ ಮೇಲೆ ಸೆಲ್ ಹಾಕಿದ ತಾರೀಖು ಬರೆದು ಮೌಸಿನ ಹೊಟ್ಟೆಗೆ ಅಂಟಿಸುತ್ತಿದ್ದೇನೆ. ಮೂಲೆ ಅಂಗಡಿಯ ಅಗ್ಗದ ಸೆಲ್ 16 ದಿನ ಬಂತು. ಅದು ಗಡಿಯಾರಕ್ಕೆ, ರಿಮೋಟಿಗೆ ಸರಿ. ದಿನವಿಡೀ ಓಡುವ ಮೌಸಿಗೆ ಅಲ್ಲ. ಆಲ್ಕಲೈನ್ ಎಂದು ಬರೆದ ಸೆಲ್‌ಗೆ ದುಡ್ಡು ಜಾಸ್ತಿ, ಆದರೆ 50 ದಿನ ದಾಟಿತು. ಚಾರ್ಜ್ ಮಾಡುವ ಸೆಲ್ ಕೂಡ ತಂದೆ. ಸಾಮಾನ್ಯ ಸೆಲ್ 1.5 ವೋಲ್ಟ್, ಇದು 1.2 ವೋಲ್ಟ್. ಕೊನೆಯವರೆಗೂ ಹೆಚ್ಚುಕಡಿಮೆ ಅಷ್ಟೇ ಇದ್ದು ಆಮೇಲೆ ಒಮ್ಮೆಲೇ ಇಳಿಯುತ್ತದೆ. ಹಾಗಾಗಿ ಸೆಲ್ ಇಳಿದಿದೆ ಎನ್ನುವ ಕೆಂಪು ದೀಪ ಮಿನುಗಿದ ಸ್ವಲ್ಪ ಹೊತ್ತಿಗೇ ಮೌಸ್ ಬಂದ್. ಇದನ್ನು ಬಳಸುವವರು ಇನ್ನೊಂದು ಸೆಲ್ ಚಾರ್ಜ್ ಮಾಡಿ ಡ್ರಾವರಿನಲ್ಲಿ ಇಟ್ಟುಕೊಂಡಿರಬೇಕು.

ನನ್ನ ಟೇಬಲ್ಲಿನದೂ ತಪ್ಪಿತ್ತು. ಮೇಲೆ ಗಾಜು, ಗಾಜಿನ ಕೆಳಗೆ ಗಿರಾಕಿಗಳಿಗೆ ತೋರಿಸುವ ಕಾರ್ಡುಗಳು. ಮೌಸ್ ತನ್ನ ಕೆಳಗಿನ ಜಾಗದ ಫೋಟೋವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು ಎತ್ತ ಸರಿದೆ ಎಂದು ತಿಳಿಯುತ್ತದೆ. ಗಾಜಿನ ಮೇಲೆ ಅದಕ್ಕೆ ಸರಿಯಾಗಿ ಏನೂ ಕಾಣದು. ಕೈ ತೆಗೆದರೂ ಪಾಯಿಂಟರ್ ಸಣ್ಣಗೆ ನಡುಗುತ್ತಿತ್ತು. ಹಾಗೆ ನಡುಗುತ್ತಿದ್ದರೆ ಮೌಸ್ ನಿದ್ದೆಗೆ ಹೋಗುವುದೇ ಇಲ್ಲ, ಸೆಲ್ ಸುಮ್ನೆ ಖರ್ಚು. 60 ರೂಪಾಯಿಯ ಬಟ್ಟೆಯ ಪ್ಯಾಡ್ ಹಾಕಿದೆ, ನಡುಕ ನಿಂತಿತು.

ಇನ್ನೊಂದು ಗೋಳು ಹಿಡಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡಿಸ್ಕಿಗೆ ಫೈಲ್ ಹಾಕುವಾಗಲೆಲ್ಲ ಪಾಯಿಂಟರ್ ತಡವರಿಸುತ್ತಿತ್ತು. ಸೆಲ್ ಇಳಿದಿದೆ ಎಂದುಕೊಂಡು ಅರ್ಧ ತುಂಬಿದ್ದ ಸೆಲ್ಲುಗಳನ್ನೇ ಎಸೆದೆ, ಕನಿಷ್ಠ ಮೂರು. ಸೆಲ್ ಚೆನ್ನಾಗಿಯೇ ಇತ್ತು. ಮೌಸಿನ ರಿಸೀವರ್, ಅಂದರೆ ಅದರ ಸಿಗ್ನಲ್ ಹಿಡಿಯುವ ಪುಟ್ಟ ತುಂಡು, ಸಿಪಿಯು ಹಿಂದೆ, ಹಾರ್ಡ್ ಡಿಸ್ಕಿನ ಪಕ್ಕದ ಕಿಂಡಿಯಲ್ಲೇ ಇತ್ತು. ಡಿಸ್ಕ್ ಸಿಕ್ಕಿಸಿದ್ದು ಯುಎಸ್‌ಬಿ 3 ಎಂಬ ವೇಗದ ಕಿಂಡಿಗೆ. ಅದು ಓಡುವಾಗ ಹೊರಬರುವ ರೇಡಿಯೋ ಗದ್ದಲ, ಮೌಸ್ ಮಾತಾಡುವ 2.4 ಗಿಗಾಹರ್ಟ್ಸ್ ತರಂಗದ ಹತ್ತಿರವೇ ಬೀಳುತ್ತದೆ. ಒಂದು ಎಕ್ಸ್‌ಟೆನ್ಶನ್ ವೈರ್ ತಂದು ರಿಸೀವರನ್ನು ಟೇಬಲ್ ಮೇಲೆ ಕೂರಿಸಿದೆ. ಅಷ್ಟಕ್ಕೇ ಸರಿಹೋಯಿತು. ನಿಮ್ಮ ಪಾಯಿಂಟರ್ ತಡವರಿಸಿದರೆ ಸೆಲ್ ಎಸೆಯುವ ಮುಂಚೆ ರಿಸೀವರ್ ಎಲ್ಲಿದೆ ನೋಡಿ.

ಹಾಗಂತ ಮೌಸ್ ಕೆಟ್ಟದ್ದಲ್ಲ. ಕೈಗೆ ಹದವಾಗಿದೆ, ಕ್ಲಿಕ್ ಮೆತ್ತಗಿದೆ, ಸಂಜೆ ಹೊತ್ತಿಗೆ ಮಣಿಕಟ್ಟು ನೋಯುವುದಿಲ್ಲ. ನನ್ನ ತಕರಾರು ಆ 18 ತಿಂಗಳ ಬಗ್ಗೆ. ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡಿದರೆ 18 ತಿಂಗಳು? ತಿಂಗಳ ಬದಲು ಗಂಟೆ ಬರೆದಿದ್ದರೆ ನಾನು ಅಂಗಡಿಯಲ್ಲೇ ಲೆಕ್ಕ ಹಾಕಿಕೊಳ್ಳುತ್ತಿದ್ದೆ ಅಲ್ವಾ? ಇದು ಒಂದೇ ಕಂಪನಿಯ ಮಾತೂ ಅಲ್ಲ. ನಮ್ಮ ಪ್ರೆಸ್ಸಿನಲ್ಲಿ ಮೂರು ಕಂಪನಿಯ ಮೂರು ಮೌಸ್ ಇವೆ, ಮೂರರ ಡಬ್ಬಿಯ ಮೇಲೂ ತಿಂಗಳೇ.

ಮನೆಯಲ್ಲಿ ದಿನಕ್ಕೆ ಒಂದೆರಡು ತಾಸು ಬಳಸುವವರು ಧೈರ್ಯವಾಗಿ ತಗೊಳ್ಳಿ. ನನ್ನಂತೆ ಹತ್ತು ತಾಸು ಕೂರುವವರು ತಗೊಂಡರೆ ಹಳೆಯ ವೈರ್ ಮೌಸನ್ನು ಬಿಚ್ಚಬೇಡಿ. ಎರಡೂ ಒಟ್ಟಿಗೇ ನಡೆಯುತ್ತವೆ. ನನ್ನದು ಈಗ ಮಾನಿಟರ್ ಹಿಂದೆ ಸುತ್ತಿ ಇಟ್ಟಿದೆ, ಪಕ್ಕದ ಸ್ಟೂಲ್ ಮೇಲೆ ಗಿರಾಕಿ ಕೂತರೆ ಅದನ್ನೇ ಎಳೆದುಕೊಳ್ಳುತ್ತೇನೆ.